ಬ್ಲಾಕ್ ಮೇಲಿನ ಹೆಸರು ನೋಡಿ ನಂಬಬೇಡಿ

ನನ್ನ ಕೆಲಸ ಎಲೆಕ್ಟ್ರಿಕ್ ವಾಹನಗಳ ಬ್ಯಾಟರಿ ಕಂಟ್ರೋಲರ್ ಸಾಫ್ಟ್‌ವೇರ್‌ನದ್ದು. ನಮ್ಮಲ್ಲಿ ಸಿ ಕೋಡನ್ನು ಕೈಯಲ್ಲಿ ಬರೆಯುವುದು ಕಡಿಮೆ. ಮ್ಯಾಟ್‌ಲ್ಯಾಬ್ ಜೊತೆ ಬರುವ ಸಿಮ್ಯುಲಿಂಕ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಬ್ಲಾಕ್ ಇಟ್ಟು, ಗೆರೆ ಎಳೆದು ಮಾಡೆಲ್ ಮಾಡುತ್ತೇವೆ, ಕೋಡ್ ಅದರಿಂದಲೇ ಜನರೇಟ್ ಆಗುತ್ತದೆ. ಒಂದು ಡಬ್ಬದ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಒಳಗೆ ಇನ್ನೊಂದು ಮಾಡೆಲ್, ಅದರೊಳಗೆ ಮತ್ತೊಂದು. ಹೊಸದಾಗಿ ಸೇರಿದವರು ಕೇಳುವ ಪ್ರಶ್ನೆ ಒಂದೇ: "ಸರ್, ಸಬ್‌ಸಿಸ್ಟಮ್, ಲೈಬ್ರರಿ, ಮಾಡೆಲ್ ರೆಫರೆನ್ಸ್, ಎಲ್ಲಾ ಒಂದೇ ಥರ ಕಾಣುತ್ತಲ್ವಾ? ಏನು ವ್ಯತ್ಯಾಸ?"

ಒಳಗಿರುವುದು ಯಾವ ಫೈಲ್‌ನಲ್ಲಿ ಇದೆ, ಅದೇ ವ್ಯತ್ಯಾಸ.

ಸಾದಾ ಸಬ್‌ಸಿಸ್ಟಮ್ ಆದರೆ ಎಲ್ಲ ಅದೇ ಫೈಲ್‌ನಲ್ಲಿ. ಅದು ಬರೀ ಕಣ್ಣಿಗೆ ಅನುಕೂಲ. ರನ್ ಮಾಡುವಾಗ ಸಿಮ್ಯುಲಿಂಕ್ ಆ ಡಬ್ಬವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒಳಗಿನ ಬ್ಲಾಕ್‌ಗಳನ್ನು ಹೊರಗಿನವುಗಳ ಜೊತೆ ಸೇರಿಸಿಯೇ ಯಾವುದು ಮೊದಲು, ಯಾವುದು ಆಮೇಲೆ ಎಂದು ತೀರ್ಮಾನಿಸುತ್ತದೆ. ಒಂದೇ ಘಟಕವಾಗಿ ಓಡಬೇಕು ಅಂದರೆ 'ಅಟಾಮಿಕ್' ಅನ್ನುವ ಆಯ್ಕೆಗೆ ಟಿಕ್ ಹಾಕಬೇಕು.

ಲೈಬ್ರರಿ ಬ್ಲಾಕ್‌ನ ಮೂಲ ಬೇರೆ ಫೈಲ್‌ನಲ್ಲಿ ಇರುತ್ತದೆ, ನಮ್ಮ ಮಾಡೆಲ್‌ನಲ್ಲಿ ಇರುವುದು ಅದಕ್ಕೆ ಕೊಂಡಿ ಇರುವ ಪ್ರತಿ. ಫಿಲ್ಟರ್, ಡಿಬೌನ್ಸ್ (ಸಿಗ್ನಲ್‌ನ ಕ್ಷಣಿಕ ಏರಿಳಿತವನ್ನು ಕಡೆಗಣಿಸುವುದು) ಇಂಥ ಚಿಕ್ಕಪುಟ್ಟ, ಹತ್ತು ಕಡೆ ಬೇಕಾಗುವ ಸಾಮಾನಿಗೆ ಇದಕ್ಕಿಂತ ಒಳ್ಳೆಯದಿಲ್ಲ. ತೊಂದರೆ ಬರುವುದು ಇಲ್ಲಿ: ಯಾರಿಗೋ ಅರ್ಜೆಂಟಾಗಿ ಒಳಗೆ ಒಂದು ಗೇನ್ (ಸಿಗ್ನಲನ್ನು ಗುಣಿಸುವ ಸಂಖ್ಯೆ) ಬದಲಿಸಿ ನೋಡಬೇಕು. ಲಿಂಕ್ ಡಿಸೇಬಲ್ ಮಾಡುತ್ತಾರೆ, ನೋಡುತ್ತಾರೆ, ಹಾಗೇ ಸೇವ್ ಮಾಡುತ್ತಾರೆ. ಮಾಡೆಲ್ ಚೆನ್ನಾಗಿಯೇ ಓಡುತ್ತದೆ. ಮುಂದೆ ಲೈಬ್ರರಿಯಲ್ಲಿ ಬಗ್ ಸರಿಮಾಡಿದಾಗ ಆ ಒಂದು ಪ್ರತಿ ಮಾತ್ರ ಹಳೆಯದಾಗಿಯೇ ಉಳಿಯುತ್ತದೆ. ಬ್ಲಾಕ್‌ಗಳ ಲಿಂಕ್ ಸ್ಟೇಟಸ್ 'ಇನ್ಆಕ್ಟಿವ್' ಇದೆಯಾ ಅಂತ ಹುಡುಕುವ ಸಣ್ಣ ಸ್ಕ್ರಿಪ್ಟ್ ಬರೆದಿಟ್ಟುಕೊಂಡರೆ ಇದು ಸಿಕ್ಕಿಬೀಳುತ್ತದೆ. ಲಿಂಕನ್ನು ಪೂರ್ತಿ ಬ್ರೇಕ್ ಮಾಡಿದ್ದರೆ ಅದೂ ಇಲ್ಲ. ಆಗ ಅದು ಸಾದಾ ಸಬ್‌ಸಿಸ್ಟಮ್, ಲೈಬ್ರರಿಯ ನೆನಪೇ ಅದಕ್ಕಿರುವುದಿಲ್ಲ.

ಇನ್ನು ಮಾಡೆಲ್ ರೆಫರೆನ್ಸ್. ಇದು ಪೂರ್ತಿ ಬೇರೆ ಮಾಡೆಲ್. ಒಂಟಿಯಾಗಿ ತೆರೆಯಬಹುದು, ಓಡಿಸಬಹುದು, ಟೆಸ್ಟ್ ಮಾಡಬಹುದು, ಕೋಡ್ ತೆಗೆಯಬಹುದು. ಆ ಬ್ಲಾಕ್‌ನ ಮೂಲೆಗಳಲ್ಲಿ ಪುಟ್ಟ ತ್ರಿಕೋನಗಳಿರುತ್ತವೆ. ಖಾಲಿ ಇದ್ದರೆ ನಾರ್ಮಲ್ ಮೋಡ್, ಕಪ್ಪು ತುಂಬಿದ್ದರೆ ಆಕ್ಸಿಲರೇಟರ್‌ನಂಥ ಬೇರೆ ಮೋಡ್. ಆಕ್ಸಿಲರೇಟರ್‌ನಲ್ಲಿ ಒಳಗಿನ ಮಾಡೆಲ್ ಮೊದಲೇ ಕಂಪೈಲ್ ಆಗಿರುತ್ತದೆ, ಬದಲಾವಣೆ ಇಲ್ಲದಿದ್ದರೆ ಮತ್ತೆ ಕಂಪೈಲ್ ಆಗುವುದಿಲ್ಲ. ದೊಡ್ಡ ಮಾಡೆಲ್‌ನಲ್ಲಿ ಇದರಿಂದ ಉಳಿಯುವ ಸಮಯ ಕಮ್ಮಿ ಏನಲ್ಲ.

ನಮ್ಮ ಟೀಮನ್ನು ಚೆನ್ನಾಗಿ ಕಾಡಿದ ಸಮಸ್ಯೆ ಬಂದದ್ದೂ ಇಲ್ಲಿಂದಲೇ. ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಉಳಿದಿದೆ ಎಂದು ಅಂದಾಜಿಸುವ ಎಸ್ಒಸಿ ಮಾಡೆಲ್ ನಮ್ಮ ಟಾಪ್ ಮಾಡೆಲ್‌ನೊಳಗೆ ರೆಫರೆನ್ಸ್ ಆಗಿತ್ತು. ಇಬ್ಬರ ಲ್ಯಾಪ್‌ಟಾಪ್, ಗಿಟ್‌ನಲ್ಲಿ (ಫೈಲ್‌ಗಳ ಆವೃತ್ತಿ ಕಾಯುವ ಸಾಧನ) ಒಂದೇ ಕಮಿಟ್, ಅಂದರೆ ಒಂದೇ ಆವೃತ್ತಿ, ಒಂದೇ ಟೆಸ್ಟ್ ಡೇಟಾ. ಗ್ರಾಫ್ ಮಾತ್ರ ಬೇರೆ ಬೇರೆ. "ನನ್ನ ಮಷೀನ್‌ನಲ್ಲಿ ಸರಿ ಬರ್ತಿದೆಯಲ್ರೀ" ಅನ್ನುವ ಹಳೇ ರಾಗ ಶುರುವಾಯಿತು. ಸಾಲ್ವರ್ ಸೆಟ್ಟಿಂಗ್ ನೋಡಿದ್ದಾಯಿತು, ಡೇಟಾ ಡಿಕ್ಷನರಿ ನೋಡಿದ್ದಾಯಿತು. ಗಿಟ್ ಸ್ಟೇಟಸ್ ಎರಡೂ ಕಡೆ ಕ್ಲೀನ್.

ಕೊನೆಗೆ ಕಮಾಂಡ್ ವಿಂಡೋದಲ್ಲಿ 'ವಿಚ್' ಕಮಾಂಡನ್ನು 'ಆಲ್' ಆಯ್ಕೆಯ ಜೊತೆ ಹೊಡೆದಾಗ ಒಂದೇ ಹೆಸರಿನ ಎರಡು ಫೈಲ್ ಎದ್ದು ಬಂದವು. ಒಂದು ಗಿಟ್ ರೆಪೊದ್ದು (ಟೀಮಿನ ಫೈಲ್‌ಗಳ ಭಂಡಾರ). ಇನ್ನೊಂದು, ಅವರಿಬ್ಬರಲ್ಲಿ ಒಬ್ಬರು 'ಇರಲಿ' ಅಂತ ಡೆಸ್ಕ್‌ಟಾಪ್‌ನಲ್ಲಿ ಇಟ್ಟುಕೊಂಡಿದ್ದ ಹಳೇ ರಿಲೀಸಿನದ್ದು. ಅವರ ಸ್ಟಾರ್ಟಪ್ ಸ್ಕ್ರಿಪ್ಟ್ ಆ ಇಡೀ ಫೋಲ್ಡರನ್ನು, ಒಳಗಿನ ಫೋಲ್ಡರ್‌ಗಳ ಸಮೇತ, ಮ್ಯಾಟ್‌ಲ್ಯಾಬ್ ಪಾತ್‌ನ (ಫೈಲ್ ಹುಡುಕುವ ಫೋಲ್ಡರ್‌ಗಳ ಪಟ್ಟಿ) ಮೊದಲಿಗೇ ಸೇರಿಸುತ್ತಿತ್ತು.

ಕಾರಣ ಸರಳ. ಮಾಡೆಲ್ ಬ್ಲಾಕ್ ಒಳಗೆ ಉಳಿಯುವುದು ಫೈಲಿನ ಹೆಸರು ಮಾತ್ರ, ಯಾವ ಫೋಲ್ಡರ್ ಅನ್ನುವುದು ಅಲ್ಲಿರುವುದಿಲ್ಲ. ಬೀದಿಗೆ ಬಂದು "ಮಂಜುನಾಥನ ಮನೆ ಎಲ್ಲಿ" ಅಂತ ಕೇಳಿದ ಹಾಗೆ, ಮೊದಲು ಸಿಕ್ಕ ಮಂಜುನಾಥನ ಮನೆ ತೋರಿಸುತ್ತಾರೆ. ಅದೇ ಹೆಸರಿನ ಮಾಡೆಲ್ ಆಗಲೇ ಮೆಮೊರಿಯಲ್ಲಿ ಲೋಡ್ ಆಗಿದ್ದರಂತೂ ಪಾತ್ ಸರಿ ಇದ್ದರೂ ಉಪಯೋಗವಿಲ್ಲ, ಲೋಡ್ ಆಗಿರುವುದೇ ನಡೆಯುತ್ತದೆ. ಒಂದೇ ಹೆಸರಿನ ಫೈಲ್ ಇದ್ದರೆ ಸಿಮ್ಯುಲಿಂಕ್ ವಾರ್ನಿಂಗ್ ಕೊಡುತ್ತದೆ, ನಿಜ. ಆದರೆ ನೂರಾರು ಹಳದಿ ವಾರ್ನಿಂಗ್ ಸಾಲುಗಳಿರುವ ಮಾಡೆಲ್‌ನಲ್ಲಿ ಅದನ್ನು ಓದುವವರು ಯಾರು?

ಈಗ ಟೀಮ್‌ನಲ್ಲಿ ಯಾರೂ ಮಾಡೆಲ್ ಫೈಲನ್ನು ನೇರವಾಗಿ ತೆರೆಯುವುದಿಲ್ಲ. ಮೊದಲು ಪ್ರಾಜೆಕ್ಟ್ ಫೈಲ್ ತೆರೆಯಬೇಕು, ಪಾತ್ ಅದರಿಂದಲೇ ಸೆಟ್ ಆಗಬೇಕು. ಹಳೇ ರಿಲೀಸ್ ಬೇಕು ಅಂದರೆ ಜಿಪ್ ಮಾಡಿ ಇಟ್ಟುಕೊಳ್ಳಲಿ. ಬಿಲ್ಡ್ ಸರ್ವರ್‌ನಲ್ಲಿ ಇನ್ನೊಂದು ಕೆಲಸ ಸೇರಿಸಿದ್ದೇವೆ. 'ಫೈಂಡ್ ಎಂಡಿಎಲ್ ರೆಫ್ಸ್' ಅನ್ನುವ ಫಂಕ್ಷನ್ ಟಾಪ್ ಮಾಡೆಲ್‌ನಿಂದ ಕೆಳಗಿನವರೆಗೆ ಇರುವ ಎಲ್ಲ ರೆಫರೆನ್ಸ್‌ಗಳ ಪಟ್ಟಿ ಕೊಡುತ್ತದೆ. ಒಂದೊಂದೂ ಯಾವ ಫೋಲ್ಡರ್‌ನಿಂದ ಬಂತು ಅಂತ ಲಾಗ್‌ನಲ್ಲಿ ಪ್ರಿಂಟ್ ಆಗುತ್ತದೆ. ನೋಡಲು ಏನೂ ಚಂದ ಇಲ್ಲ, ಆದರೆ ವಾದ ಶುರುವಾಗುವ ಮೊದಲೇ ಮುಗಿದುಹೋಗುತ್ತದೆ.

ಹಾಗಂತ ಎಲ್ಲವನ್ನೂ ಮಾಡೆಲ್ ರೆಫರೆನ್ಸ್ ಮಾಡಬೇಕು ಅನ್ನುವವರ ಗುಂಪಿಗೆ ನಾನು ಸೇರಿಲ್ಲ. ಡಬ್ಬ ದೊಡ್ಡದಾಯಿತು ಅನ್ನುವುದು ಕಾರಣವೇ ಅಲ್ಲ. ಬೇರೆ ಟೀಮ್ ನೋಡಿಕೊಳ್ಳುತ್ತದೆ, ಒಳಗೆ ಬರುವ, ಹೊರಗೆ ಹೋಗುವ ಸಿಗ್ನಲ್‌ಗಳು ಗಟ್ಟಿಯಾಗಿವೆ ಅಂದರೆ ಮಾಡಿ. ಇಲ್ಲದಿದ್ದರೆ ಪ್ರತಿ ಹೊಸ ಸಿಗ್ನಲ್‌ಗೂ ಬಸ್ ಆಬ್ಜೆಕ್ಟ್ (ಸಿಗ್ನಲ್ ಗುಂಪಿನ ವಿವರಣೆ) ತಿದ್ದಿ, ಪೋರ್ಟ್ ಹೊಂದಿಸಿ, ಸುಮ್ನೆ ದಿನ ಕಳೆಯುತ್ತದೆ. 2019ರ ಎರಡನೇ ರಿಲೀಸ್‌ನಿಂದ ಸಬ್‌ಸಿಸ್ಟಮ್ ರೆಫರೆನ್ಸ್ ಅನ್ನುವುದೂ ಇದೆ. ಫೈಲ್ ಬೇರೆ, ಆದರೆ ಡೇಟಾ ಟೈಪ್, ಸ್ಯಾಂಪಲ್ ಟೈಮ್ ಇವೆಲ್ಲ ತಂದೆ ಮಾಡೆಲ್‌ನಿಂದ ಇಳಿದು ಬರುತ್ತವೆ. ಡಿಸೈನ್ ಇನ್ನೂ ಕುದಿಯುತ್ತಿರುವಾಗ ನನಗೆ ಇದೇ ಇಷ್ಟ.

ಬ್ಲಾಕನ್ನು ಅದು ಪೂರೈಸಬೇಕಾದ ಬೇಡಿಕೆಗೆ ಕಟ್ಟುವ ರಿಕ್ವೈರ್‌ಮೆಂಟ್ ಲಿಂಕ್ ವಿಷಯವನ್ನೂ ಹೇಳಿಬಿಡುತ್ತೇನೆ. ವಾಹನಗಳ ಎಲೆಕ್ಟ್ರಾನಿಕ್ಸ್ ಸುರಕ್ಷತೆಯ ಮಾನದಂಡವಾದ ಐಎಸ್ಒ 26262 ಪ್ರಕಾರ ಕೆಲಸ ಮಾಡುವವರಿಗೆ ಯಾವ ಬ್ಲಾಕ್ ಯಾವ ರಿಕ್ವೈರ್‌ಮೆಂಟ್‌ಗೆ ಅನ್ನುವುದು ಆಡಿಟ್‌ನಲ್ಲಿ ತೋರಿಸಲೇಬೇಕಾದ ಸಂಗತಿ. ಈ ಲಿಂಕ್ ಹಿಡಿದುಕೊಳ್ಳುವುದು ಬ್ಲಾಕ್‌ನ ಹೆಸರನ್ನಲ್ಲ, ಅದರ ಎಸ್ಐಡಿ ಅನ್ನುವ ಒಳಗಿನ ನಂಬರನ್ನು. ಹಾಗಾಗಿ ಹೆಸರು ಬದಲಿಸಿದರೆ ಏನೂ ಆಗುವುದಿಲ್ಲ. ಆದರೆ ಬ್ಲಾಕ್ ಅಳಿಸಿ, ಅದೇ ಜಾಗದಲ್ಲಿ ಅದೇ ಹೆಸರಿನ ಹೊಸದನ್ನು ಇಟ್ಟರೆ ನಂಬರ್ ಬೇರೆ, ಲಿಂಕ್ ಅನಾಥ. ಚಿತ್ರ ನೋಡಿದ ರಿವ್ಯೂವರ್‌ಗೆ ಇದು ಕಾಣುವುದೇ ಇಲ್ಲ.

ಒಳಗಿನ ಮಾಡೆಲ್ ಎರಡು ಕಡೆ ಬಳಕೆಯಾಗುತ್ತಿದ್ದರೆ ಇನ್ನೂ ಒಂದು ಸೂಕ್ಷ್ಮ ಇದೆ. ಒಳಗಿನ ಬ್ಲಾಕ್‌ಗೆ ಹಾಕಿದ ಲಿಂಕ್ ಎರಡೂ ಕಡೆಗೆ ಅನ್ವಯಿಸುತ್ತದೆ, ಏಕೆಂದರೆ ಫೈಲ್ ಒಂದೇ. ನಮ್ಮಲ್ಲಿ ಬ್ಯಾಟರಿಯ ದೊಡ್ಡ ಸ್ವಿಚ್ ಆದ ಕಾಂಟ್ಯಾಕ್ಟರನ್ನು ಪರೀಕ್ಷಿಸುವ ಒಂದೇ ಡಯಾಗ್ನಾಸ್ಟಿಕ್ ಮಾಡೆಲ್ ಪಾಸಿಟಿವ್ ಕಡೆಗೂ ನೆಗೆಟಿವ್ ಕಡೆಗೂ ಇದೆ. ಕಾಂಟ್ಯಾಕ್ಟರ್ ವೆಲ್ಡ್ ಆಗಿದೆಯಾ, ಅಂದರೆ ಬೆಸೆದುಕೊಂಡು ತೆರೆಯದೇ ಹೋಗಿದೆಯಾ ಎಂದು ನೋಡುವ ಸಾಮಾನ್ಯ ರಿಕ್ವೈರ್‌ಮೆಂಟ್‌ನ ಲಿಂಕ್ ಒಳಗೆ. 'ಮೊದಲು ನೆಗೆಟಿವ್ ಕಾಂಟ್ಯಾಕ್ಟರ್ ಪರೀಕ್ಷಿಸಬೇಕು' ಅನ್ನುವಂಥದ್ದು ಹೊರಗೆ, ಆಯಾ ಮಾಡೆಲ್ ಬ್ಲಾಕ್ ಮೇಲೆ. ಇದನ್ನು ಪ್ರಾಜೆಕ್ಟ್ ಶುರುವಿನಲ್ಲೇ ಮಾತಾಡಿಕೊಳ್ಳಿ. ಆಡಿಟ್ ಹತ್ತಿರ ಬಂದಾಗ ನೂರಾರು ಲಿಂಕ್ ಎತ್ತಿ ಇಡುವ ಕೆಲಸ ಯಾರಿಗೂ ಬೇಡ.