ಹುಬ್ಬಳ್ಳಿಯಿಂದ ಲೇಹ್‌ಗೆ ಬೈಕ್: ಟೈರ್, ಟ್ಯೂಬ್, ಗಾಳಿ

ಲಡಾಖ್‌ಗೆ ಬೈಕಲ್ಲಿ ಹೋಗ್ತೀನಿ ಅಂದ ಕೂಡಲೇ ಎಲ್ಲರೂ ಕೊಡುವ ಮೊದಲ ಸಲಹೆ ಒಂದೇ, ಬಟನ್ ಟೈರ್ (ಮಣ್ಣು-ಕಲ್ಲಿನ ದಾರಿಗೆ ಅಂತ ಮೇಲೆ ದಪ್ಪ ರಬ್ಬರ್ ಉಬ್ಬುಗಳಿರುವ ಟೈರ್) ಹಾಕಿಸು. ನನಗೂ ಹೇಳಿದರು. ನಾನು ಹಾಕಿಸಲಿಲ್ಲ, ನನ್ನ ಸೋದರಮಾವನ ಮಗ ಹಾಕಿಸಿದ. ಇಬ್ಬರದ್ದೂ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕು, ಲಗೇಜೂ ಹೆಚ್ಚುಕಡಿಮೆ ಅಷ್ಟೇ, ರಸ್ತೆ ಒಂದೇ. 2024ರ ಜೂನ್ ಮೊದಲ ವಾರ ಹೊರಟು ವಾಪಸ್ ಬರುವಷ್ಟರಲ್ಲಿ ಮೀಟರ್‌ನಲ್ಲಿ 6,900 ಕಿ.ಮೀ. ಕೂಡಿತ್ತು. ಎರಡು ಥರದ ಟೈರ್ ಒಂದೇ ದಾರಿಯಲ್ಲಿ ಹೇಗೆ ಸವೆಯುತ್ತದೆ ಅಂತ ಪಕ್ಕದಲ್ಲೇ ನೋಡಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಪ್ಯಾಂಗಾಂಗ್ ಎಷ್ಟು ನೀಲಿ ಇದೆ ಅಂತ ಬೇರೆ ಬೇಕಾದಷ್ಟು ಜನ ಬರೆದಿದ್ದಾರೆ.

ಮೊದಲು ಒಂದು ಸಣ್ಣ ಲೆಕ್ಕ ಹಾಕಿ. ನಮ್ಮ ಕಡೆಯಿಂದ ಹೊರಟರೆ ಮನಾಲಿ ಮುಟ್ಟುವ ತನಕವೇ ಸುಮಾರು 2,500 ಕಿ.ಮೀ. ಅದೆಲ್ಲಾ ಡಾಂಬರು, ಇಲ್ಲಾ ಕಾಂಕ್ರೀಟು. ಮನಾಲಿಯಿಂದ ಲೇಹ್‌ಗೆ ಬರೀ 430 ಚಿಲ್ಲರೆ, ಅದರಲ್ಲೂ ಈಗ ಬಹುಪಾಲು ಡಾಂಬರೇ. ನೀರು ಹರಿಯುವ ನಾಲಾಗಳು, ಕಿತ್ತುಹೋದ ಜಾಗಗಳು ಇವೆ, ಇಲ್ಲ ಅನ್ನಲ್ಲ. ಆದರೆ ಅವನ್ನೆಲ್ಲಾ ಕೂಡಿಸಿದರೂ ಇಡೀ ಪ್ರವಾಸದ ಹತ್ತರಲ್ಲಿ ಒಂದು ಪಾಲೂ ಆಗಲ್ಲ. ಆ ಒಂದು ಪಾಲಿಗಾಗಿ ಉಳಿದ ಒಂಬತ್ತು ಪಾಲು ರಸ್ತೆಯಲ್ಲಿ ಮೆತ್ತನೆ ರಬ್ಬರಿನ ಬಟನ್‌ಗಳನ್ನು ಉಜ್ಜುತ್ತಾ ಹೋಗಬೇಕಾ? ದೆಹಲಿಯಿಂದಲೋ ಚಂಡೀಗಢದಿಂದಲೋ ಹೊರಡುವವರು ಕೊಡುವ ಸಲಹೆ ನಮಗೆ ಹೊಂದಲ್ಲ. ಅವರಿಗೆ ಬೆಟ್ಟ ಹತ್ತಿರ, ನಮಗೆ ಬಿಸಿಲು ರಸ್ತೆಯೇ ಜಾಸ್ತಿ.

ನಾನು ಹಿಂದಿನ ಚಕ್ರಕ್ಕೆ ಹಾಕಿಸಿದ್ದು ರಸ್ತೆಗೇ ಹೆಚ್ಚು ಒಗ್ಗುವ, ನಡುವೆ ಅಗಲವಾದ ಪಟ್ಟಿಗಳಿರುವ ಟೈರ್. ನಡುಭಾಗದಲ್ಲಿ ರಬ್ಬರ್ ಎಷ್ಟು ಒತ್ತಾಗಿದೆಯೋ ಅಷ್ಟು ದಿನ ಬಾಳಿಕೆ, ಏಕೆಂದರೆ ಹೆದ್ದಾರಿಯಲ್ಲಿ ನೇರ ಓಡುವಾಗ ಸವೆಯುವುದು ನಡುಭಾಗ ಮಾತ್ರ. ಬ್ರ್ಯಾಂಡ್ ಯಾವುದು ಅಂತ ಕೇಳಬೇಡಿ. ನಿಮ್ಮ ಅಳತೆಯಲ್ಲಿ, ನಿಮ್ಮ ಊರಲ್ಲಿ, ಹೊಸ ತಾರೀಖಿನದು ಯಾವುದು ಸಿಗುತ್ತದೋ ಅದು. ಹಿಮಾಲಯನ್ 411ಕ್ಕೆ ಮುಂದೆ 90/90-21, ಹಿಂದೆ 120/90-17. ಅಳತೆಯ ಮುಂದೆ 64ಎಸ್ ಅಂತ ಇದ್ದರೆ, 64 ಅಂದರೆ ಆ ಟೈರ್ 280 ಕೆ.ಜಿ. ತಡೆಯುತ್ತದೆ ಅಂತ, ಎಸ್ ಅಂದರೆ 180 ಕಿ.ಮೀ. ವೇಗದ ತನಕ ಅಂತ. ವೇಗದ ಅಕ್ಷರ ನಮಗೆ ಅಷ್ಟು ಮುಖ್ಯವಲ್ಲ. ತೂಕದ ಅಂಕಿ ಮಾತ್ರ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು. ಎರಡು ಪೆಟ್ಟಿಗೆ, ಟೆಂಟು, ಪೆಟ್ರೋಲ್ ಕ್ಯಾನು ಎಲ್ಲಾ ಕೂತುಕೊಳ್ಳುವುದು ಹಿಂದಿನ ಚಕ್ರದ ಮೇಲೇ ಅಲ್ವಾ.

ತಾರೀಖಿನ ವಿಷಯದಲ್ಲಿ ನನಗೆ ಮೊದಲ ಪೆಟ್ಟು ಬಿತ್ತು. ಟೈರಿನ ಪಕ್ಕದಲ್ಲಿ ಉದ್ದನೆಯ ಗೋಲದೊಳಗೆ ನಾಲ್ಕು ಅಂಕಿ ಇರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಏಪ್ರಿಲ್‌ನಲ್ಲಿ ಒಂದು ಅಂಗಡಿಯಲ್ಲಿ ಪೂರ್ತಿ ದುಡ್ಡು ಕೊಟ್ಟು, ಬಿಲ್ ಮಾಡಿಸಿ, ಆಮೇಲೆ ತಿರುಗಿಸಿ ನೋಡಿದರೆ 4119. ಅಂದರೆ 2019ರ 41ನೇ ವಾರ, ನಾಲ್ಕೂವರೆ ವರ್ಷ ಹಳೆಯದು. "ಮೊನ್ನೆ ಬಂದ ಸ್ಟಾಕ್ ಸರ್" ಅಂದರು. ಅಂಗಡಿಗೆ ಮೊನ್ನೆ ಬಂದಿರಬಹುದು, ಫ್ಯಾಕ್ಟರಿಯಿಂದ ಬಂದು ಎಷ್ಟಾಯ್ತು? ಇಟ್ಟಲ್ಲೇ ಇದ್ದರೂ ರಬ್ಬರ್ ಗಟ್ಟಿಯಾಗುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತ ಕಡಿಮೆಯಾಗುತ್ತದೆ. ದುಡ್ಡು ವಾಪಸ್ ಕೊಡಲಿಲ್ಲ, ಬೇರೆ ಟೈರ್ ತರಿಸಿಕೊಡಲು ಹನ್ನೆರಡು ದಿನ ಓಡಾಡಿಸಿದರು. ಬಿಲ್ ಮಾಡಿಸುವ ಮುಂಚೆ ಅಂಕಿ ಓದಿ. ಒಂದು ವರ್ಷದ ಒಳಗಿನದನ್ನೇ ಕೇಳಿ. ಹೊರಡುವ ಹಿಂದಿನ ದಿನ ಹಾಕಿಸಬೇಡಿ. ಹೊಸ ಟೈರ್ ಮೊದಲ ನೂರೈವತ್ತು ಕಿ.ಮೀ. ಜಾರುತ್ತದೆ, ತಿರುವಿನಲ್ಲಿ ನಂಬಬೇಡಿ. ನಾನು ಯಲ್ಲಾಪುರ, ಅರಬೈಲು ಘಟ್ಟ ಇಳಿದು ಅಂಕೋಲಾಕ್ಕೆ ಹೋಗಿಬಂದು ಮೈ ಪಳಗಿಸಿದೆ.

ಅಂಕೋಲಾ ಅಂದಾಗ ನೆನಪಾಯ್ತು. ರಾಷ್ಟ್ರೀಯ ಹೆದ್ದಾರಿ 52ರ ಒಂದು ತುದಿ ಅಂಕೋಲಾ, ಇನ್ನೊಂದು ತುದಿ ಪಂಜಾಬಿನ ಸಂಗರೂರು. ಸುಮಾರು 2,300 ಕಿ.ಮೀ. ಹುಬ್ಬಳ್ಳಿಯವರು ಇದೊಂದೇ ರಸ್ತೆ ಹಿಡಿದು ವಿಜಯಪುರ, ಸೊಲ್ಲಾಪುರ, ಬೀಡ್, ಔರಂಗಾಬಾದ್ (ಈಗಿನ ಹೆಸರು ಛತ್ರಪತಿ ಸಂಭಾಜಿನಗರ), ಧುಳೆ, ಇಂದೋರ್, ಕೋಟಾ, ಜೈಪುರ, ಹಿಸಾರ್ ಅಂತ ಹೋಗಬಹುದು. ಬೆಂಗಳೂರು, ಹೈದರಾಬಾದ್, ನಾಗಪುರದ ದಾರಿ ನಮಗೆ ಬೇಕಾಗಿಲ್ಲ. ಔರಂಗಾಬಾದ್ ದಾಟಿದ ಮೇಲೆ ಕನ್ನಡ ಅಂತಲೇ ಒಂದು ಊರು ಬರುತ್ತದೆ, ಬೋರ್ಡ್ ನೋಡಿ ಇಬ್ಬರೂ ಗಾಡಿ ನಿಲ್ಲಿಸಿಬಿಟ್ಟೆವು. ಒಂದು ಎಚ್ಚರಿಕೆ, ಔರಂಗಾಬಾದ್ ಹತ್ತಿರ ಮ್ಯಾಪು ನಿಮ್ಮನ್ನು ಸಮೃದ್ಧಿ ಎಕ್ಸ್‌ಪ್ರೆಸ್‌ವೇ ಕಡೆ ಎಳೆಯಬಹುದು. ಅಲ್ಲಿ ಬೈಕ್ ಬಿಡುವುದಿಲ್ಲ.

ಈ ದಾರಿಯಲ್ಲಿ ಊಟ ಮಾಡಲೇಬೇಕಾದ ಜಾಗ ಬೀಡ್ ಜಿಲ್ಲೆಯ ಗೇವರಾಯಿ ದಾಟಿ ಗೋದಾವರಿ ಸೇತುವೆ ಬರುವ ಮುಂಚೆ ಎಡಕ್ಕಿದೆ. ಬೋರ್ಡ್ ಇಲ್ಲ. ತಗಡಿನ ಚಾವಣಿ, ಎರಡು ಹಗ್ಗದ ಮಂಚ, ಬೇವಿನ ಮರ. ಒಬ್ಬರು ಮಾವಶಿ ಕಟ್ಟಿಗೆ ಒಲೆ ಮುಂದೆ ಕೂತು ಜೋಳದ ಭಾಕ್ರಿ ಬಡಿಯುತ್ತಾರೆ, ನೀವು ಕೂತ ಮೇಲೆಯೇ ಹಿಟ್ಟು ಕಲಸುತ್ತಾರೆ. ನಮ್ಮ ಕಡೆ ಝುಣಕದ ವಡಿ ಮಾಡುತ್ತಾರಲ್ಲ, ಅದೇ ಕಡಲೆಹಿಟ್ಟು, ಆದರೆ ಇವರದು ಉದುರುದುರು, ಬೆಳ್ಳುಳ್ಳಿ ಜಾಸ್ತಿ, ಎಣ್ಣೆಯಲ್ಲಿ ಈರುಳ್ಳಿ ಕೆಂಪಾಗುವ ತನಕ ಹುರಿದಿರುತ್ತದೆ. ಪಕ್ಕಕ್ಕೆ ಹಸಿಮೆಣಸಿನಕಾಯಿ ಠೇಚಾ, ಶೇಂಗಾ ಹಾಕಿ ಕಲ್ಲಿನಲ್ಲೇ ಕುಟ್ಟಿದ್ದು. ಗುದ್ದಿ ಒಡೆದ ಈರುಳ್ಳಿ, ಮಡಿಕೆ ಮೊಸರು. ಎರಡು ಭಾಕ್ರಿಗೆ ಇದೆಲ್ಲಾ ಸೇರಿ ಆಗ 80 ರೂಪಾಯಿ ಇತ್ತು. ನಾನು ಮೂರನೆಯದಕ್ಕೆ ಕೈ ಚಾಚಿದಾಗ ಅವರು ದುಡ್ಡು ಬೇಡ ಅಂದರು. "ದೂರ ಹೊಂಟೀರಿ, ತಿನ್ನಿ" ಅಂತ ಕೈಸನ್ನೆಯಲ್ಲೇ ಹೇಳಿದ ಹಾಗಿತ್ತು. ಊಟ ಆದ ಮೇಲೆ ಬೇವಿನ ನೆರಳಲ್ಲಿ ಒಂದು ಗಂಟೆ ಮಲಗಿದೆವು. ಟೈರ್‌ಗೂ ಆ ಒಂದು ಗಂಟೆ ಬೇಕಿತ್ತು. ಮುಟ್ಟಿ ನೋಡಿದರೆ ಕೈ ಸುಡುತ್ತಿತ್ತು.

ಟೈರನ್ನು ತಿನ್ನುವುದು ದೂರ ಅಲ್ಲ, ಬಿಸಿ. ಗಾಳಿ ಕಡಿಮೆ ಇದ್ದರೆ ಪಕ್ಕದ ಗೋಡೆ ಮಡಚಿ ಬಿಚ್ಚಿ ಬಿಸಿಯಾಗುತ್ತದೆ, ಮೇಲೆ ಲಗೇಜಿನ ಭಾರ, ಕೆಳಗೆ ಕಾದ ಕಾಂಕ್ರೀಟು. ನಾನು 80ರಿಂದ 85ರಲ್ಲಿ ಓಡಿಸಿದೆ, ಸೋದರಮಾವನ ಮಗ 100ರ ಮೇಲೆ ಹೋಗಿ ಮುಂದೆ ನಿಂತು ಕಾಯುತ್ತಿದ್ದ. ಮಧ್ಯಾಹ್ನ 12ರಿಂದ 4ರ ತನಕ ರಾಜಸ್ಥಾನದಲ್ಲಿ ಓಡಿಸಲೇಬೇಡಿ, ಬೆಳಗ್ಗೆ ನಾಲ್ಕೂವರೆಗೆ ಹೊರಡಿ. ಜೈಪುರದಲ್ಲಿ ಗೇಜ್ ಇಟ್ಟು ಅಳೆದರೆ ನನ್ನ ಹಿಂದಿನ ಟೈರ್ ಒಂದು ಮಿ.ಮೀ.ಯೂ ಸವೆದಿರಲಿಲ್ಲ. ಅವನದು ನಡುವಿನ ಬಟನ್‌ಗಳು ಮೂರು ಮಿ.ಮೀ.ಗಿಂತ ಜಾಸ್ತಿ ಹೋಗಿದ್ದವು. "ಭಾವಾ, ಇದು ಬೆಟ್ಟ ನೋಡೂದ್ರಾಗ ಖಾಲಿ ಆಗ್ತೈತಿ" ಅಂದ. ಪೂರ್ತಿ ಖಾಲಿ ಆಗಲಿಲ್ಲ, ಆದರೆ ಬಟನ್ ಬೇಕಾದ ಜಾಗಕ್ಕೆ ಹೋಗುವಷ್ಟರಲ್ಲಿ ಅರ್ಧ ಬಟನ್ ಉಳಿದಿತ್ತು.

ಈಗ ನನಗೆ ನಿಜವಾಗಿ ಸಿಟ್ಟು ತರಿಸಿದ ವಿಷಯ. ಕೋಟಾ ದಾಟಿ ಸ್ವಲ್ಪ ದೂರದಲ್ಲಿ ನನ್ನ ಹಿಂದಿನ ಚಕ್ರಕ್ಕೆ ಮೊಳೆ ಚುಚ್ಚಿತು. ಒಂದೇ ಮೊಳೆ, ಒಂದೇ ತೂತು. ಹೆದ್ದಾರಿ ಪಕ್ಕದ ಒಂದು ಅಂಗಡಿಯವನು ಟ್ಯೂಬ್ ಹೊರಗೆ ತೆಗೆದು ನೀರಿನಲ್ಲಿ ಅದ್ದಿ ನಾಲ್ಕು ತೂತು ತೋರಿಸಿದ. ಎರಡು ತೂತು ಜೋಡಿಯಾಗಿದ್ದವು, ಹಾವು ಕಚ್ಚಿದ ಹಾಗೆ. ಅದು ಮೊಳೆಯದ್ದಲ್ಲ, ಲಿವರ್ (ಕಬ್ಬಿಣದ ಮೀಟುಗೋಲು) ಹಾಕಿ ಟೈರ್ ಎಬ್ಬಿಸುವಾಗ ಟ್ಯೂಬನ್ನು ಚಿವುಟಿದ ಗುರುತು. ಅದು ನನಗೆ ಆಮೇಲೆ ಗೊತ್ತಾಯ್ತು. "ಈ ಟ್ಯೂಬ್ ಆಗಲ್ಲ, ಹೊಸದು ಹಾಕ್ತೀನಿ" ಅಂತ 900 ರೂಪಾಯಿ ತಗೊಂಡ. ಬಿಸಿಲಿಗೆ ತಲೆ ಸುತ್ತುತ್ತಿತ್ತು, ನಾನು ಚಹಾ ಕುಡಿಯಲು ಹೋದೆ. ಅಲ್ಲೇ ಕೂತು ನೋಡಬೇಕಿತ್ತು.

ಆ ಟ್ಯೂಬ್ ಮೋರೆ ಬಯಲಿನಲ್ಲಿ ಕೈಕೊಟ್ಟಿತು. ಪಾಂಗ್ ದಾಟಿದ ಮೇಲೆ ಬರುವ ಸುಮಾರು 40 ಕಿ.ಮೀ. ಸಪಾಟು ಬಯಲು, ಎತ್ತರ 4,700 ಮೀಟರ್ ಹತ್ತಿರ. ಮರ ಇಲ್ಲ, ಮನೆ ಇಲ್ಲ, ಗಾಳಿ ಮಾತ್ರ. ಟ್ಯೂಬ್ ಬಿಚ್ಚಿ ನೋಡಿದರೆ ಅದರ ಮೇಲೆ 2.75/3.00-17 ಅಂತ ಅಚ್ಚಾಗಿತ್ತು. ಅದು ಸಣ್ಣ ಬೈಕಿನ ಟ್ಯೂಬ್. 120 ಅಗಲದ ಟೈರ್ ತುಂಬಲು ಹಿಗ್ಗಿ ಹಿಗ್ಗಿ ತೆಳ್ಳಗಾಗಿ ಉದ್ದಕ್ಕೆ ಸೀಳಿತ್ತು. ಅಂಥದ್ದಕ್ಕೆ ಪ್ಯಾಚ್ ಕೂರುವುದಿಲ್ಲ. ನನ್ನ ಪೆಟ್ಟಿಗೆಯಲ್ಲಿ ಸರಿಯಾದ ಅಳತೆಯ ಟ್ಯೂಬ್ ಒಂದಿತ್ತು, ಅದರಿಂದಲೇ ಪಾರಾದೆವು. ಸೆಂಟರ್ ಸ್ಟ್ಯಾಂಡ್ ಇದ್ದದ್ದರಿಂದ ಚಕ್ರ ಬಿಚ್ಚುವುದು ಸುಲಭವಾಯ್ತು. ಗಾಳಿ ತುಂಬುವುದು ಮಾತ್ರ ಕಷ್ಟ. ಕೈಪಂಪಿನಲ್ಲಿ ಹತ್ತು ಸಲ ಒತ್ತಿದರೆ ಎರಡು ನಿಮಿಷ ಕೂತು ಉಸಿರು ಎಳೆಯಬೇಕು. ಎದುರಿನಿಂದ ಬಂದ ಟ್ರಕ್ಕಿನ ಸರ್ದಾರ್‌ಜಿ ನಿಲ್ಲಿಸಿ, ಕೇಳದೆಯೇ ಪಂಪ್ ಕಸಿದುಕೊಂಡು ಉಳಿದದ್ದನ್ನು ತಾವೇ ತುಂಬಿದರು. ಒಟ್ಟು ಮೂರು ಗಂಟೆ ಹಿಡಿಯಿತು, ತಂಗ್ಲಂಗ್ ಲಾ ಹತ್ತುವಾಗ ಕತ್ತಲಾಗಿತ್ತು. 5,328 ಮೀಟರ್ ಎತ್ತರದ ಆ ಘಟ್ಟವನ್ನು ಕತ್ತಲಲ್ಲಿ ದಾಟುವುದು ಯಾರಿಗೂ ಬೇಡ.

ಹಾಗಾಗಿ ಕಡ್ಡಿಚಕ್ರದ ಗಾಡಿಯವರು ಮುಂದಿನದೊಂದು, ಹಿಂದಿನದೊಂದು ಟ್ಯೂಬ್, ಮೂರು ಲಿವರ್, ಆಕ್ಸಲ್ ನಟ್ಟಿನ ಸ್ಪ್ಯಾನರ್, ಪಂಪ್ ಇಟ್ಟುಕೊಳ್ಳಿ. ಮನೆ ಅಂಗಳದಲ್ಲಿ ಒಂದು ಸಲವಾದರೂ ಹಿಂದಿನ ಚಕ್ರ ಬಿಚ್ಚಿ ಹಾಕಿ ನೋಡಿ. ಟ್ಯೂಬ್ ಹಾಕುವ ಮುಂಚೆ ಪೌಡರ್ ಸವರಿದರೆ ಉಜ್ಜಾಟ ಕಡಿಮೆ. ವಾಲ್ವಿನ ಬುಡದ ನಟ್ಟನ್ನು ರಿಮ್ಮಿಗೆ ಬಿಗಿಯಬೇಡಿ, ಮೇಲಕ್ಕೆ ತಿರುಗಿಸಿ ಕ್ಯಾಪಿಗೆ ತಾಗಿಸಿ ಬಿಡಿ. ಟ್ಯೂಬ್ ಒಳಗೆ ಜರುಗಿದರೆ ವಾಲ್ವ್ ಓರೆಯಾಗಿ ನಿಮಗೆ ಕಾಣುತ್ತದೆ. ಬಿಗಿದಿದ್ದರೆ ಕಾಣದೆ ಬುಡದಲ್ಲೇ ಹರಿಯುತ್ತದೆ. ಟ್ಯೂಬ್‌ಲೆಸ್ ಗಾಡಿ ಇದ್ದವರಿಗೆ ಇದರಲ್ಲಿ ಅರ್ಧ ತಲೆನೋವು ಇಲ್ಲ, ಪ್ಲಗ್ ಚುಚ್ಚಿ ಹೊರಡಬಹುದು.

ಬೆಟ್ಟ ಹತ್ತುವ ಮುಂಚೆ ಗಾಳಿ ಇಳಿಸಿ ಅಂತ ಕೇಲಾಂಗ್‌ನಲ್ಲಿ ಒಬ್ಬರು ಹೇಳಿದರು. ಸೋದರಮಾವನ ಮಗ ಇಳಿಸಿದ, ನಾನು ಗೇಜ್ ಇಟ್ಟು ನೋಡಿದೆ. ಎತ್ತರದಲ್ಲಿ ಹೊರಗಿನ ಒತ್ತಡ ಕಡಿಮೆ ಇರುವುದರಿಂದ ಹುಬ್ಬಳ್ಳಿಯಲ್ಲಿ ತುಂಬಿದ ಗಾಳಿ ಲೇಹ್‌ನ 3,500 ಮೀಟರಿನಲ್ಲಿ ಸುಮಾರು 4 ಪಿಎಸ್‌ಐ ಜಾಸ್ತಿ ತೋರಿಸಬೇಕು, ನಿಜ. ಆದರೆ ಚಳಿಗೆ ಗಾಳಿ ಕುಗ್ಗುತ್ತದೆ. 35 ಡಿಗ್ರಿಯಿಂದ 10 ಡಿಗ್ರಿಗೆ ಬಂದರೆ ಹತ್ತಿರ ಹತ್ತಿರ ಅಷ್ಟೇ ಇಳಿಯುತ್ತದೆ. ಒಂದಕ್ಕೊಂದು ವಜಾ. ಸುಮ್ನೆ ಯಾರೋ ಹೇಳಿದರು ಅಂತ ಇಳಿಸಬೇಡಿ, ಬೆಳಗ್ಗೆ ಹೊರಡುವ ಮುಂಚೆ ಟೈರ್ ತಣ್ಣಗಿರುವಾಗ ಅಳೆದು ನೋಡಿ. ಅವನು ಇಳಿಸಿದ್ದನ್ನು ವಾಪಸ್ ಬರುವಾಗ ತುಂಬಿಸಲು ಮರೆತು ಬಯಲಿಗೆ ಇಳಿದ. ಚಂಡೀಗಢದಲ್ಲಿ ನೋಡಿದರೆ ನಡುವೆ ಬಟನ್ನೇ ಇಲ್ಲ, ಪಕ್ಕದ ಗೋಡೆಯಲ್ಲಿ ಸಣ್ಣ ಬಿರುಕು. 120/90-17 ಹುಡುಕಲು ಅರ್ಧ ದಿನ ಹೋಯ್ತು. ಅದಕ್ಕಿಂತ ಸಣ್ಣ ಊರಿನಲ್ಲಾಗಿದ್ದರೆ ಆ ಅಳತೆ ಸಿಗುವ ಭರವಸೆ ನನಗಿಲ್ಲ.

ತಂಗುವ ಜಾಗದ ಬಗ್ಗೆ ಎರಡೇ ಮಾತು. ಮನಾಲಿಯ ಜನಜಂಗುಳಿ ನನಗೆ ಆಗಲಿಲ್ಲ, ಅಟಲ್ ಸುರಂಗ ದಾಟಿ ಜಿಸ್ಪಾಗೆ ಹೋಗಿ ಮಲಗಿ. ತಾಂಡಿಯಲ್ಲಿ ಟ್ಯಾಂಕ್ ತುಂಬಿಸಿಕೊಳ್ಳುವುದು ಮರೆಯಬೇಡಿ. ಸರ್ಚುವಿನಲ್ಲಿ ಟೆಂಟಿಗೆ ದುಡ್ಡು ಸುರಿದು, ಎತ್ತರದ ತಲೆನೋವಿನಲ್ಲಿ ರಾತ್ರಿಯಿಡೀ ಎದ್ದು ಕೂರುವುದಕ್ಕಿಂತ ಜಿಸ್ಪಾ ಎಷ್ಟೋ ವಾಸಿ.

ಹುಬ್ಬಳ್ಳಿಗೆ ಬಂದು ಅಳೆದಾಗ ನನ್ನ ಹಿಂದಿನ ಟೈರ್ 8 ಮಿ.ಮೀ.ಯಿಂದ ನಾಲ್ಕೂವರೆಗೆ ಬಂದಿತ್ತು. ಮುಂದಿನದು ಗಾಡಿ ಜೊತೆ ಬಂದ ಹಳೆಯದೇ, ಹೋಗುವಾಗಲೇ 9,000 ಓಡಿತ್ತು, ಬದಲಿಸುವ ಅಗತ್ಯ ಬೀಳಲಿಲ್ಲ. ಮುಂದಿನದು ನಿಧಾನ ಸವೆಯುತ್ತದೆ. ಜೋಡಿಯಾಗಿಯೇ ಬದಲಿಸಿ ಅಂತ ಅಂಗಡಿಯವರು ಹೇಳಿದರೆ ಬಗ್ಗಿ ಟೈರಿನ ಗೀರಿನೊಳಗಿನ ಟಿಡಬ್ಲ್ಯೂಐ ಉಬ್ಬು (ಸವೆತದ ಮಿತಿ ತೋರಿಸುವ ಗುರುತು) ನೋಡಿ, ರಬ್ಬರ್ ಅದಕ್ಕಿಂತ ಚೆನ್ನಾಗಿ ಮೇಲಿದ್ದು ಬಿರುಕು ಇಲ್ಲದಿದ್ದರೆ ಆ ದುಡ್ಡಿಗೆ ಎರಡು ಒಳ್ಳೆ ಟ್ಯೂಬ್ ತಗೊಳ್ಳಿ. ಮತ್ತೆ ಆ ಗೇವರಾಯಿ ಊಟಕ್ಕೆ ಮಧ್ಯಾಹ್ನ ಒಂದು ಗಂಟೆಯೊಳಗೆ ಹೋಗಿ. ವಾಪಸ್ ಬರುವಾಗ ನಾವು ಮೂರಕ್ಕೆ ಹೋದೆವು, ಒಲೆ ಆರಿತ್ತು.