ಟೈಪಿಸ್ಟ್ ಹುಡುಗಿಯರ ಟೀಮು

11 ಆಗಸ್ಟ್ 2024, ಭಾನುವಾರ, ರಾತ್ರಿ

ಸಾರು ಆರಿ ತಣ್ಣಗಾಗುವವರೆಗೂ ಟಿವಿ ಮುಂದಿಂದ ಏಳಲಿಲ್ಲ. ಪ್ಯಾರಿಸ್ ಒಲಿಂಪಿಕ್ಸಿನ ಮಹಿಳಾ ಬ್ಯಾಸ್ಕೆಟ್‌ಬಾಲ್ ಫೈನಲ್. ಅಮೆರಿಕ 67, ಫ್ರಾನ್ಸ್ 66. ಕೊನೇ ಕ್ಷಣದಲ್ಲಿ ಫ್ರಾನ್ಸಿನ ಗ್ಯಾಬಿ ವಿಲಿಯಮ್ಸ್ ಎಸೆದ ಚೆಂಡೇನೋ ಬುಟ್ಟಿಗೆ ಬಿತ್ತು, ಆದರೆ ಕಾಲು ಮೂರು ಪಾಯಿಂಟಿನ ಗೆರೆ ಮೆಟ್ಟಿತ್ತು. ಮೂರಾಗಬೇಕಿದ್ದದ್ದು ಎರಡೇ ಆಯಿತು. ಅಯ್ಯೋ ಅನ್ನಿಸಿತು.

ಇದೇ ಪ್ಯಾರಿಸ್ಸಿಗೆ ನೂರು ವರ್ಷದ ಹಿಂದೆ, 1924ರಲ್ಲಿ, ಕೆನಡಾದಿಂದ ಎಡ್ಮಂಟನ್ ಗ್ರ್ಯಾಡ್ಸ್ ಎಂಬ ಬ್ಯಾಸ್ಕೆಟ್‌ಬಾಲ್ ತಂಡದ ಹುಡುಗಿಯರು ಬಂದಿದ್ದರು. ಆಡಿದ್ದೆಲ್ಲ ಗೆದ್ದರು, ಪದಕ ಮಾತ್ರ ಇಲ್ಲ. ಒಲಿಂಪಿಕ್ಸಿನಲ್ಲಿ ಈ ಆಟಕ್ಕೆ ಗಂಡಸರಿಗೇ ಜಾಗ ಸಿಕ್ಕಿದ್ದು 1936ರಲ್ಲಿ. ಹೆಂಗಸರಿಗೆ 1976ರಲ್ಲಿ, ಅದೂ ಕೆನಡಾದ್ದೇ ಮಾಂಟ್ರಿಯಲ್‌ನಲ್ಲಿ. ಅಷ್ಟರಲ್ಲಿ ಆ ಹುಡುಗಿಯರು ಅಜ್ಜಿಯರಾಗಿದ್ದರು.

ಎಡ್ಮಂಟನ್ನಿನ ಮೆಕ್‌ಡೂಗಲ್ ಕಮರ್ಷಿಯಲ್ ಹೈಸ್ಕೂಲಿನಲ್ಲಿ ಓದಿ ಹೊರಬಿದ್ದವರು 1915ರಲ್ಲಿ ಕಟ್ಟಿಕೊಂಡ ತಂಡ ಅದು. ಮೇಷ್ಟ್ರು ಪರ್ಸಿ ಪೇಜ್ ಅವರೇ ಕೊನೆತನಕ ಕೋಚ್. ಕಲಿತದ್ದು ಟೈಪಿಂಗು, ಶಾರ್ಟ್‌ಹ್ಯಾಂಡು. ಹಗಲು ಆಫೀಸು, ಸಂಜೆ ಪ್ರ್ಯಾಕ್ಟೀಸು. ಆಡಿದ್ದಕ್ಕೆ ಸಂಬಳವಿಲ್ಲ. ಶಾಲೆಯ ಜೂನಿಯರ್ ತಂಡದಿಂದ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಬಂದವರಿಗೇ ಹೆಚ್ಚಾಗಿ ಗ್ರ್ಯಾಡ್ಸ್‌ನಲ್ಲಿ ಜಾಗ. ಗುಟ್ಟೇನಾದರೂ ಇದ್ದರೆ ಅದೇ ಅನ್ನಿಸುತ್ತದೆ: ಒಬ್ಬಳು ಬಿಟ್ಟರೆ ಅದೇ ಪಾಸು, ಅದೇ ಓಟ ರೂಢಿಯಾದ ಇನ್ನೊಬ್ಬಳು ತಯಾರು. 25 ವರ್ಷದಲ್ಲಿ ಗೆಲುವು 500ರ ಆಸುಪಾಸು, ಸೋಲು ಬರೀ 20ರಷ್ಟು. ಆಟ ಹುಟ್ಟಿಸಿದ ಜೇಮ್ಸ್ ನೈಸ್ಮಿತ್ತರೇ ಇಂಥ ತಂಡ ಇನ್ನೊಂದಿಲ್ಲ ಎಂದು ಹೊಗಳಿದ್ದರು.

1923ರಲ್ಲಿ ಕ್ಲೀವ್‌ಲ್ಯಾಂಡಿನ ತಂಡವನ್ನು ಸೋಲಿಸಿ ಗೆದ್ದ ಅಂಡರ್‌ವುಡ್ ಟ್ರೋಫಿಯನ್ನು 1940ರಲ್ಲಿ ತಂಡ ಮುಚ್ಚುವವರೆಗೂ ಯಾರಿಗೂ ಬಿಟ್ಟುಕೊಡಲಿಲ್ಲ. ಅಂಡರ್‌ವುಡ್ ಅಂದರೆ ಟೈಪ್‌ರೈಟರ್ ಕಂಪನಿ! ತಂಡ ಮುಚ್ಚುವ ಹೊತ್ತಿಗೆ ಎರಡನೇ ಮಹಾಯುದ್ಧ ಶುರುವಾಗಿತ್ತು, ಅವರು ಆಡುತ್ತಿದ್ದ ಅಂಗಣ ವಾಯುಪಡೆಯ ಪಾಲಾಯಿತು. ಪೇಜ್ ಮೇಷ್ಟ್ರು ರಾಜಕೀಯಕ್ಕೆ ಹೋದರು.

ಊಟಕ್ಕೆ ಕೂತಾಗ ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಮೂವತ್ತು ವರ್ಷ ಆಫೀಸಿನಲ್ಲಿ ಟೈಪ್ ಕುಟ್ಟಿದವಳು. ಮದುವೆಯಾದವರು ತಂಡ ಬಿಡುವುದು ವಾಡಿಕೆಯಾಗಿತ್ತಂತೆ ಅಂದಾಗ ಒಂದು ಗಳಿಗೆ ತುತ್ತು ನಿಲ್ಲಿಸಿದಳು.

"ಆಟ ಬಿಡಿಸಿದ್ರು ಸರಿ, ಟೈಪಿಂಗ್ ಕೆಲಸಾನೂ ಬಿಡಿಸಿದ್ರಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಮಜ್ಜಿಗೆ ಬಡಿಸಿಕೊಂಡೆ.