ಹರಿಕೇನ್ ಪಿಕಪ್: ಫೀಲರ್ ಗೇಜ್‌ಗೆ ಸಿಗದ ಮಿಸ್ಸಿಂಗ್ ಕೊನೆಗೂ ಸಿಕ್ಕಿತು

ಸಿಕ್ಕಿತು! ಮೂರು ತಿಂಗಳಿಂದ ನಿದ್ದೆ ಕೆಡಿಸಿದ್ದ ನನ್ನ ಹಳೇ ಪಿಕಪ್ಪಿನ ಮಿಸ್ಸಿಂಗ್, ಅಂದರೆ ಎಂಜಿನ್ ನಡುನಡುವೆ ಉರಿಯದೆ ತಡವರಿಸುವ ತೊಂದರೆ, ಹೋಯಿತು. ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ, ಮೇ ತಿಂಗಳ ಬಿಸಿಲು ನೆತ್ತಿ ಸುಡುವಾಗ, ಬೇಕಂತಲೇ ಗಾಡಿ ತೆಗೆದೆ. ಕಲಬುರಗಿಯಿಂದ ಹೊರಟು ಕಮಲಾಪುರ ದಾಟಿ, ಹುಮನಾಬಾದ್ ಕಡೆಯ ಏರು ಹತ್ತಿಸಿದೆ. ಒಂದು ಸಲವೂ ಕೆಮ್ಮಲಿಲ್ಲ. ಏರಿನ ತುದಿಯಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಬಂದ್ ಮಾಡದೆ, ಐದು ನಿಮಿಷ ಅದರ ಸದ್ದು ಕೇಳುತ್ತಾ ನಿಂತಿದ್ದೆ.

ಗಾಡಿ ಗೊತ್ತಿಲ್ಲದವರಿಗೆ ಎರಡು ಮಾತು. ಜೀಪಿನ ಮುಖ, ಹಿಂದೆ ಸಾಮಾನು ಹಾಕುವ ಡಾಲಾ, ಒಳಗೆ ಎಫ್-134 ಹರಿಕೇನ್ ಪೆಟ್ರೋಲ್ ಎಂಜಿನ್. 2.2 ಲೀಟರ್, ನಾಲ್ಕು ಸಿಲಿಂಡರ್. ಬ್ರೇಕ್, ವೈರಿಂಗ್, ಕಾರ್ಬ್ಯುರೇಟರ್ ಎಲ್ಲ ಸಂಕ್ರಾಂತಿಗೆ ಮೊದಲೇ ಮುಗಿದಿತ್ತು, ಅದರ ಬಗ್ಗೆ ಮತ್ತೆ ಬರೆಯಲ್ಲ. ಇವತ್ತು ಡಿಸ್ಟ್ರಿಬ್ಯೂಟರ್, ಅಂದರೆ ಸಿಲಿಂಡರುಗಳಿಗೆ ಸರದಿಯಂತೆ ಸ್ಪಾರ್ಕ್ ಹಂಚುವ ಭಾಗ, ಅದೊಂದರ ಬಗ್ಗೆ ಮಾತ್ರ.

ತೊಂದರೆ ಹೀಗಿತ್ತು. ಬೆಳಿಗ್ಗೆ ತಣ್ಣಗಿರುವಾಗ ಗಾಡಿ ಹೂವಿನಂತೆ ಓಡುತ್ತಿತ್ತು. ಇಪ್ಪತ್ತು ಕಿಲೋಮೀಟರ್ ಆಗಿ ಎಂಜಿನ್ ಪೂರ್ತಿ ಕಾದ ಮೇಲೆ ಶುರು. ಅದರಲ್ಲೂ ಏರಿನಲ್ಲಿ, ಆಕ್ಸಿಲರೇಟರ್ ಒತ್ತಿದಾಗ ಜಾಸ್ತಿ. ಮೊದಲು ಸಣ್ಣ ಎಳೆತ, ಆಮೇಲೆ ಸೈಲೆನ್ಸರ್‌ನಲ್ಲಿ ಪಟಾಕಿ. ಬೇವಿನ ಮರದ ಕೆಳಗೆ ಅರ್ಧ ಗಂಟೆ ನಿಲ್ಲಿಸಿದರೆ ಮತ್ತೆ ಸರಿ.

ಈ ಲಕ್ಷಣ ಹೇಳಿದರೆ ನಮ್ಮ ಕಡೆ ಎಲ್ಲರದ್ದೂ ಒಂದೇ ಉತ್ತರ. "ಪೆಟ್ರೋಲ್ ಗ್ಯಾಸ್ ಆಗ್ಲಕತ್ತದ್ರೀ. ಪಂಪಿಗೆ ಹಸಿ ಬಟ್ಟಿ ಸುತ್ರಿ." ನಮ್ಮ ಬಿಸಿಲಿಗೆ ಇದು ಸುಮ್ನೆ ಹೇಳುವ ಮಾತಲ್ಲ, ನಿಜವಾಗಿಯೂ ಆಗುತ್ತದೆ. ನಾನೂ ಸುತ್ತಿದೆ. ಗಾಡಿ ಸರಿಹೋಯಿತು. ಆದರೆ ಬಟ್ಟೆ ಒದ್ದೆ ಮಾಡಿ, ಸುತ್ತಿ, ಒಂದು ಚಹಾ ಕುಡಿದು ಹೊರಡುವಷ್ಟರಲ್ಲಿ ಅರ್ಧ ಗಂಟೆ ಆಗಿರುತ್ತದೆ, ಅಲ್ವಾ? ವಾಸಿ ಮಾಡಿದ್ದು ಬಟ್ಟೆಯೋ ಆ ಅರ್ಧ ಗಂಟೆಯೋ ಗೊತ್ತಾಗುವುದು ಹೇಗೆ?

ಅದನ್ನು ಬಿಡಿಸಿಕೊಟ್ಟದ್ದು ಟೈಮಿಂಗ್ ಲೈಟ್, ಅಂದರೆ ವೈರಿನಲ್ಲಿ ಸ್ಪಾರ್ಕ್ ಹೋದಾಗಲೆಲ್ಲ ಮಿನುಗುವ ದೀಪ. ಈ ಉಪಾಯ ನಿಮಗೂ ಉಪಯೋಗಕ್ಕೆ ಬರುತ್ತದೆ. ಲೈಟಿನ ಕ್ಲಿಪ್ಪನ್ನು ಒಂದನೇ ಪ್ಲಗ್ಗಿನ ವೈರಿಗೆ ಹಾಕಬೇಡಿ. ಸ್ಪಾರ್ಕಿಗೆ ಬೇಕಾದ ಹೆಚ್ಚು ವೋಲ್ಟ್ ಹುಟ್ಟಿಸುವ ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್ ಕ್ಯಾಪಿನ ನಡುವಿಗೆ ಬರುವ ದಪ್ಪ ವೈರಿಗೆ ಹಾಕಿ. ಆಗ ನಾಲ್ಕೂ ಸಿಲಿಂಡರಿನ ಸ್ಪಾರ್ಕಿಗೂ ಲೈಟ್ ಮಿನುಗುತ್ತದೆ. ಪೆಟ್ರೋಲ್ ಬರದೆ ಮಿಸ್ ಆದರೆ ಲೈಟ್ ತನ್ನ ಪಾಡಿಗೆ ಒಂದೇ ಸಮ ಮಿನುಗುತ್ತಿರುತ್ತದೆ. ನನ್ನದು ಹಾಗಿರಲಿಲ್ಲ. ಎಂಜಿನ್ ಎಳೆದಾಗಲೆಲ್ಲ ಲೈಟೂ ತಡವರಿಸುತ್ತಿತ್ತು. ಅಲ್ಲಿಗೆ ಪೆಟ್ರೋಲ್ ಕಥೆ ಮುಗಿಯಿತು. ಕ್ಯಾಪಿನೊಳಗೆ ತಿರುಗುವ ರೋಟರ್, ಕ್ಯಾಪಿನ ಒಳಭಾಗ, ಪ್ಲಗ್ ವೈರು, ಇವೆಲ್ಲ ಆ ದಪ್ಪ ವೈರಿನ ಆಚೆ ಇರುವುದರಿಂದ ಅವುಗಳ ಮೇಲಿನ ಅನುಮಾನವೂ ಬಹುಪಾಲು ಹೋಯಿತು. ತಪ್ಪು ಕಾಯಿಲ್, ಕಂಡೆನ್ಸರ್, ಪಾಯಿಂಟ್, ಈ ಮೂರರ ಆಸುಪಾಸಿನಲ್ಲೇ ಇದೆ. ಪಾಯಿಂಟ್ ಅಂದರೆ ಡಿಸ್ಟ್ರಿಬ್ಯೂಟರ್ ಶಾಫ್ಟಿನ ಮೇಲಿನ ನಾಲ್ಕು ಮೂಲೆಯ ಕ್ಯಾಮ್ ತಿರುಗಿದಂತೆ ತೆರೆದು ಮುಚ್ಚುವ ಸ್ವಿಚ್ಚು. ಮುಚ್ಚಿದಾಗ ಕಾಯಿಲ್ ತುಂಬುತ್ತದೆ, ತೆರೆದಾಗ ಸ್ಪಾರ್ಕ್ ಹುಟ್ಟುತ್ತದೆ. ತೆರೆದ ಪಾಯಿಂಟಿನಲ್ಲೇ ಕಿಡಿ ಹಾರದಂತೆ ತಡೆಯುವುದು ಕಂಡೆನ್ಸರ್.

ಕಾಯಿಲ್ ಅಳೆದೆ. ತಣ್ಣಗಿದ್ದಾಗ ಪ್ರೈಮರಿ (ದಪ್ಪ ತಂತಿಯ ಸುತ್ತು) 3.1 ಓಮ್, ಕೈ ಇಡಲಾಗದಷ್ಟು ಕಾದಾಗ 3.6. ತಾಮ್ರ ಕಾದರೆ ಇಷ್ಟು ಏರಲೇಬೇಕು, ಅದು ದೋಷವಲ್ಲ. ಕಂಡೆನ್ಸರ್ 0.22 ಮೈಕ್ರೋಫ್ಯಾರಡ್ ತೋರಿಸಿತು. ಅದೂ ಸರಿ. ಆದರೆ ಕಂಡೆನ್ಸರ್ ವಿಷಯದಲ್ಲಿ ಮಲ್ಟಿಮೀಟರನ್ನು ಪೂರ್ತಿ ನಂಬುವ ಹಾಗಿಲ್ಲ. ಅದು ಕೆಲವೇ ವೋಲ್ಟ್ ಕೊಟ್ಟು ಅಳೆಯುತ್ತದೆ. ಗಾಡಿಯಲ್ಲಿ ಪಾಯಿಂಟ್ ತೆರೆದ ಕ್ಷಣ ಅದರ ಮೇಲೆ ಇನ್ನೂರು ಮುನ್ನೂರು ವೋಲ್ಟ್ ಬೀಳುತ್ತದೆ. ಅಲ್ಲಿ ಸೋರುವ ಕಂಡೆನ್ಸರ್ ಮೀಟರಿನಲ್ಲಿ ಸಾಧುವಾಗಿ ಕಾಣುತ್ತದೆ. ಹಾಗಾಗಿ ಬದಲಿಸಿಯೇ ನೋಡೋಣ ಅಂತ ಕಂಡೆನ್ಸರ್ ಮತ್ತು ಪಾಯಿಂಟ್ ಸೆಟ್ ತರಿಸಿದೆ.

ಈ ಬಿಡಿಭಾಗ ಮಾರುವವರ ಬಗ್ಗೆ ಒಂದು ಮಾತು ಹೇಳಲೇಬೇಕು. ಹಣ ಕಟ್ಟಿ ಹದಿನೆಂಟು ದಿನ ಕಾದೆ. ಬಂದ ಡಬ್ಬಿಯ ಮೇಲೆ 'ಒರಿಜಿನಲ್' ಅಂತ ದೊಡ್ಡ ಅಕ್ಷರ. ಕ್ಯಾಮಿಗೆ ಉಜ್ಜುವ ಪಾಯಿಂಟಿನ ಫೈಬರ್ ಹಿಮ್ಮಡಿ ಎಷ್ಟು ಮೆತ್ತಗಿತ್ತೆಂದರೆ ಇನ್ನೂರು ಕಿಲೋಮೀಟರಿಗೆ ಸವೆದು, ಪಾಯಿಂಟ್ ತೆರೆದಾಗಿನ ಗ್ಯಾಪ್ ಅರ್ಧಕ್ಕೆ ಇಳಿಯಿತು. ಫೋನ್ ಮಾಡಿದರೆ "ಹಳೇ ಗಾಡಿ ಸರ್, ಹಾಗೇ ಆಗುತ್ತೆ" ಎಂದರು. ಹಳೇ ಗಾಡಿಗೆ ಕೆಟ್ಟ ಮಾಲು ಕೊಟ್ಟರೂ ನಡೆಯುತ್ತದೆ ಅನ್ನುವ ಈ ಧೋರಣೆಗೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಕೊನೆಗೆ ಸ್ಟೇಷನ್ ಬಜಾರ್ ಕಡೆಯ ಒಂದು ಹಳೇ ಅಂಗಡಿಯಲ್ಲಿ, ಮೇಲಿನ ಅಟ್ಟದ ಮೇಲೆ ಧೂಳು ಹಿಡಿದಿದ್ದ ಒಂದು ಸೆಟ್ ಸಿಕ್ಕಿತು. ಅದನ್ನು ಹಾಕಿ, ಸಂದು ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜ್ ಹಿಡಿದು 0.50 ಮಿಲಿಮೀಟರ್ ಗ್ಯಾಪ್ ಇಟ್ಟೆ. ಮಿಸ್ಸಿಂಗ್ ಎಲ್ಲೂ ಹೋಗಿರಲಿಲ್ಲ.

ಮುಂದಿನ ಎರಡು ವಾರ ಅದೇ ಪಾಡು. ಗ್ಯಾಪ್ ನೋಡಿದರೆ 0.50. ಓಡಿಸಿದರೆ ಮಿಸ್ಸಿಂಗ್. ಬಿಚ್ಚಿ ನೋಡಿದರೆ ಮತ್ತೆ 0.50. ಕ್ಯಾಮಿನ ನಾಲ್ಕೂ ಮೂಲೆಯಲ್ಲಿ ಅಳೆದೆ, ನಾಲ್ಕೂ ಕಡೆ ಅದೇ ಲೆಕ್ಕ.

ಒಂದು ರಾತ್ರಿ ಕರೆಂಟ್ ಹೋಗಿತ್ತು. ಪುಲ್ಲಿಯ ಗುರುತಿಗೆ ಸುಣ್ಣದ ಗೆರೆ ಎಳೆದು, ಈ ಸಲ ಒಂದನೇ ವೈರಿಗೇ ಕ್ಲಿಪ್ ಹಾಕಿ ಬೆಳಕು ಬಿಟ್ಟೆ. ಸ್ಪಾರ್ಕ್ ಪ್ರತಿ ಸಲವೂ ಸರಿಯಾದ ಕ್ಷಣಕ್ಕೆ ಬರುತ್ತಿದ್ದರೆ ಕತ್ತಲಲ್ಲಿ ಆ ಬಿಳಿ ಗೆರೆ ಒಂದೇ ಕಡೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಗಾಳಿಗೆ ಸಿಕ್ಕ ದೀಪದ ಕುಡಿಯಂತೆ ಆಚೆ ಈಚೆ ಕುಣಿಯುತ್ತಿತ್ತು. ಎಂಜಿನ್ ಬಂದ್ ಮಾಡಿ, ಕ್ಯಾಪ್ ತೆಗೆದು, ಪಾಯಿಂಟ್ ತೆರೆದ ಜಾಗಕ್ಕೆ ಕ್ಯಾಮ್ ತಂದು, ಶಾಫ್ಟಿನ ತುದಿಯನ್ನು ಹೆಬ್ಬೆರಳಿನಿಂದ ಪಾಯಿಂಟ್ ಕಡೆಗೆ ಒತ್ತಿದೆ. 'ಟಿಕ್' ಅಂತ ಸಣ್ಣ ಸದ್ದು. ಗ್ಯಾಪ್ ನನ್ನ ಕಣ್ಣೆದುರೇ ಅಗಲವಾಯಿತು. ಗೇಜ್ ಹಾಕಿದರೆ 0.70!

ಆಗ ಎಲ್ಲ ಅರ್ಥವಾಯಿತು. ಪಾಯಿಂಟಿನ ಸ್ಪ್ರಿಂಗ್ ಶಾಫ್ಟನ್ನು ಸದಾ ಒಂದೇ ಕಡೆಗೆ ತಳ್ಳುತ್ತದೆ. ಶಾಫ್ಟನ್ನು ಹಿಡಿದಿಡುವ ಕೊಳವೆಯಂಥ ಬುಷ್ ಸವೆದಿದೆ, ಗಾಡಿ ನಿಂತಾಗ ಶಾಫ್ಟ್ ಅದರ ಆ ಕಡೆಯ ಗೋಡೆಗೆ ಒರಗಿ ಕೂತಿರುತ್ತದೆ. ನಾವು ಅಳೆಯುವುದು ಅದೇ ಸ್ಥಿತಿಯಲ್ಲಿ, ಹಾಗಾಗಿ ಪ್ರತಿ ಸಲವೂ 0.50. ತಿರುಗಲು ಶುರುವಾದ ಮೇಲೆ ಶಾಫ್ಟ್ ಬುಷ್ಷಿನೊಳಗೆ ಹೊಯ್ದಾಡುತ್ತದೆ, ಗ್ಯಾಪ್ ಹಿಗ್ಗುತ್ತದೆ. ಗ್ಯಾಪ್ ಹಿಗ್ಗಿದರೆ ಪಾಯಿಂಟ್ ಮುಚ್ಚಿರುವ ಸಮಯ ಕಡಿಮೆ. ನಾಲ್ಕು ಸಿಲಿಂಡರ್ ಎಂಜಿನ್ 3000 ಆರ್‌ಪಿಎಂನಲ್ಲಿ ಸೆಕೆಂಡಿಗೆ 100 ಸ್ಪಾರ್ಕ್ ಕೊಡಬೇಕು. ಒಂದೊಂದಕ್ಕೂ ಸಿಗುವುದು 10 ಮಿಲಿಸೆಕೆಂಡ್, ಅದರಲ್ಲಿ ಪಾಯಿಂಟ್ ಮುಚ್ಚಿರುವುದು ಒಂದು ಪಾಲು ಮಾತ್ರ. ಆ ಪಾಲಿನಲ್ಲೂ ಕಳ್ಳತನವಾದರೆ ಕಾಯಿಲ್ ತುಂಬುವುದಾದರೂ ಹೇಗೆ? ತಣ್ಣಗಿದ್ದಾಗ ಬುಷ್ಷಿನಲ್ಲಿ ಉಳಿದಿದ್ದ ಹಳೇ ಮಂದ ಜಿಡ್ಡು ಶಾಫ್ಟನ್ನು ಅಷ್ಟಿಷ್ಟು ಹಿಡಿದಿಟ್ಟಿರುತ್ತಿತ್ತು. ಕಾದು ಜಿಡ್ಡು ತೆಳುವಾದ ಮೇಲೆ ಹಿಡಿಯುವವರೇ ಇಲ್ಲ. ಏರಿನಲ್ಲಿ ಸಿಲಿಂಡರಿನ ಒತ್ತಡ ಹೆಚ್ಚಿ ಸ್ಪಾರ್ಕಿಗೆ ಜಾಸ್ತಿ ವೋಲ್ಟ್ ಬೇಕು, ಅಲ್ಲೇ ಕೈಕೊಡುತ್ತಿತ್ತು.

ಡಿಸ್ಟ್ರಿಬ್ಯೂಟರ್ ಹೊರತೆಗೆದೆ. ಈ ಎಂಜಿನ್‌ನಲ್ಲಿ ಅದರ ಶಾಫ್ಟಿನ ಕೆಳತುದಿಯ ನಾಲಿಗೆ ಆಯಿಲ್ ಪಂಪ್ ಶಾಫ್ಟಿನ ಸೀಳಿನಲ್ಲಿ ಕೂರುತ್ತದೆ. ನಾಲಿಗೆ ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಇರುವುದರಿಂದ ಒಂದೇ ರೀತಿಯಲ್ಲಿ ಕೂರುವುದು, ವಾಪಸ್ ಹಾಕುವಾಗ ಟೈಮಿಂಗ್ ಭಯ ಕಡಿಮೆ. ಆದರೆ ನಾಲಿಗೆಯ ಪಿನ್ ಹೊಡೆದು ತೆಗೆಯುವ ಮೊದಲು ಶಾಫ್ಟಿಗೂ ಅದಕ್ಕೂ ಪಂಚ್ ಗುರುತು ಹಾಕಿ. ತಿರುಗಾಮುರುಗಾ ಕೂತರೆ ರೋಟರ್ ಎದುರು ದಿಕ್ಕಿಗೆ ನಿಲ್ಲುತ್ತದೆ.

ತೊಳೆಯುವಾಗ ಇನ್ನೊಂದು ಸಿಕ್ಕಿತು. ಬಾಡಿಯ ಪಕ್ಕದಲ್ಲಿ ಬುಷ್ಷಿಗೆ ಎಣ್ಣೆ ಬಿಡುವ ಪುಟ್ಟ ಬಟ್ಟಲು ಇರುತ್ತದಲ್ಲ, ಅದರ ಮುಚ್ಚಳದ ಮೇಲೆ ಯಾರೋ ಹಿಂದೆ ದಪ್ಪಗೆ ಬಣ್ಣ ಬಳಿದಿದ್ದರು. ಎರಡು ಪದರ, ಮೊದಲು ಹಸಿರು, ಮೇಲೆ ಕಪ್ಪು. ಉಗುರಿನಿಂದ ಕೆರೆದು ತೆರೆದೆ. ಒಳಗಿನ ಬತ್ತಿ ಒಣಗಿ ಇದ್ದಿಲಾಗಿತ್ತು. ಎಷ್ಟು ವರ್ಷದಿಂದ ಆ ಬುಷ್ ಒಂದು ಹನಿ ಎಣ್ಣೆಗೆ ಕಾದಿತ್ತೋ! ಕರುಳು ಚುರ್ ಎಂದಿತು.

ಕಪನೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ ನನಗೆ ಪರಿಚಯದ ಒಬ್ಬ ಲೇಥ್ ಮಾಮಾ ಇದ್ದಾರೆ. ಶಾಫ್ಟ್ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು.

"ಬುಷ್ ಮಾಡಿಕೊಡ್ತೀನಿ ತಮ್ಮಾ. ಆದ್ರ ಮೊದಲ ಶಾಫ್ಟ್ ಸವದದೋ ಇಲ್ಲೋ ನೋಡಮು. ಸವದ ಶಾಫ್ಟಿಗಿ ಹೊಸ ಬುಷ್ ಹಾಕಿದ್ರ ಎರಡು ತಿಂಗಳಿಗಿ ಮತ್ತ ಬರ್ತಿ."

ಮೈಕ್ರೋಮೀಟರ್ ಹಿಡಿದರು. 12.41 ಎಲ್ಲ ಕಡೆ, ಸವೆತ ಎಲ್ಲೂ ನೂರರಲ್ಲಿ ಒಂದು ಮಿಲಿಮೀಟರ್ ದಾಟಿರಲಿಲ್ಲ. ಗಟ್ಟಿ ಶಾಫ್ಟ್ ಉಳಿದು ಮೆತ್ತನೆ ಬುಷ್ ಸವೆದಿತ್ತು. ಗನ್ ಮೆಟಲ್ ಸರಳು ತೆಗೆದು ಎರಡು ಬುಷ್ ಕಡೆದರು. ಮೊದಲ ಸಲ ಒತ್ತಿ ಕೂರಿಸಿದಾಗ ಬುಷ್ ಹೊರಗಿನಿಂದ ಹಿಂಡಿದಂತಾಗಿ ಒಳತೂತು ಕಿರಿದಾಯಿತು, ಶಾಫ್ಟ್ ಹೋಗಲೇ ಇಲ್ಲ. "ಗಡಬಡಿ ಮಾಡಬ್ಯಾಡ" ಎಂದು ರೀಮರ್ ಹಾಕಿ, ಒಂದೊಂದು ಕೂದಲೆಳೆಯಷ್ಟು ತೆಗೆದು 12.43ಕ್ಕೆ ತಂದರು. ಎಣ್ಣೆ ತೂತು ಬಟ್ಟಲಿಗೆ ಸರಿಯಾಗಿ ಎದುರು ಬರುವಂತೆ ಕೊರೆದರು. ಹಳೇದರಲ್ಲಿ ಡಯಲ್ ಗೇಜ್ 0.25 ಆಟ ತೋರಿಸಿತ್ತು. ಈಗ ಮುಳ್ಳು 0.02ರ ಹತ್ತಿರ ಅಲುಗಿ ನಿಲ್ಲುತ್ತದೆ.

ಅಲ್ಲಿ ಕೂತಿದ್ದಾಗಲೇ ನೆನಪಾಯಿತು. ಆಳಂದ ಕಡೆಯ ನಮ್ಮ ಹೊಲದ ಬಾವಿ ಮನೆಯಲ್ಲಿ ಅಜ್ಜನ ಕಾಲದ ಸೀಮೆಎಣ್ಣೆ ಪಂಪ್ ಎಂಜಿನ್ ಬಿದ್ದಿದೆ. ಪೆಟ್ರೋಲಿನಲ್ಲಿ ಶುರು ಮಾಡಿ ಸೀಮೆಎಣ್ಣೆಗೆ ತಿರುಗಿಸುವಂಥದ್ದು. ಬ್ಯಾಟರಿ ಇಲ್ಲದೆ ಸ್ಪಾರ್ಕ್ ಹುಟ್ಟಿಸುವ ಮ್ಯಾಗ್ನೆಟೋ ಹೋಗಿದೆ ಅಂತ ಅಪ್ಪ ಅದನ್ನು ಮೂಲೆಗೆ ತಳ್ಳಿದ್ದರು. ಅದರಲ್ಲೂ ಇದೇ ಪಾಯಿಂಟ್, ಇದೇ ಕಂಡೆನ್ಸರ್. ಆದರೆ ಅದರಲ್ಲಿ ಪಾಯಿಂಟಿನ ಕ್ಯಾಮ್ ಇರುವುದು ಕ್ರ್ಯಾಂಕಿನ ಮೇಲೇ. ಅಲ್ಲಿನ ಬುಷ್ ಸವೆದಿದ್ದರೆ ಮ್ಯಾಗ್ನೆಟೋ ಮೇಲೆ ಸುಮ್ನೆ ಅಪವಾದ ಬಂದಿರಬಹುದು. ತೊಗರಿ ಬಿತ್ತನೆಗೆ ಮುಂಚೆ ಒಮ್ಮೆ ಹೋಗಿ ಫ್ಲೈವೀಲ್ ಹಿಡಿದು ಅಲ್ಲಾಡಿಸಿ ನೋಡಬೇಕು.

ಡಿಸ್ಟ್ರಿಬ್ಯೂಟರ್ ಕೂರಿಸಿದ ರಾತ್ರಿ ಮತ್ತೆ ಸುಣ್ಣದ ಗೆರೆ, ಮತ್ತೆ ಲೈಟ್. ಗೆರೆ ಗೋಡೆಗೆ ಬರೆದಂತೆ ನಿಂತಿತು. ಆಕ್ಸಿಲರೇಟರ್ ಒತ್ತಿದರೆ ನಿಧಾನಕ್ಕೆ ಸರಿದು ಅಡ್ವಾನ್ಸ್ ಆಗುತ್ತದೆ (ಸ್ಪಾರ್ಕ್ ಸ್ವಲ್ಪ ಮುಂಚೆ ಬರುತ್ತದೆ), ಬಿಟ್ಟರೆ ತನ್ನ ಜಾಗಕ್ಕೆ ಬರುತ್ತದೆ. ಪಕ್ಕದ ಮನೆಯ ಹುಡುಗ ಬಗ್ಗಿ ನೋಡಿ, "ಕಾಕಾ, ಗಾಡಿ ತಿರುಗ್ಲಕತ್ತದ, ಗೆರಿ ಯಾಕ ನಿಂತದ?" ಎಂದು ಕೇಳಿದ. ಅವನಿಗೆ ವಿವರಿಸುತ್ತಾ ಇನ್ನೂ ಅರ್ಧ ಗಂಟೆ ಅಲ್ಲೇ ಕಳೆದೆ.

ನಿನ್ನೆ ವಾಪಸ್ ಬರುವಾಗ ಕಮಲಾಪುರದಲ್ಲಿ ಒಂದು ಗೊನೆ ಕೆಂಪು ಬಾಳೆ ಕೊಂಡು ಡಾಲಾಕ್ಕೆ ಹಾಕಿದೆ. ಅದರಲ್ಲಿ ಅರ್ಧ ಇವತ್ತು ಬೆಳಿಗ್ಗೆ ಲೇಥ್ ಮಾಮಾನ ಮನೆಗೆ ತಲುಪಿತು. ಪ್ಲಗ್ ನಾಲ್ಕನ್ನೂ ಬಿಚ್ಚಿ ನೋಡಿದೆ, ನಾಲ್ಕೂ ತಿಳಿ ಕಂದು. ಎಣ್ಣೆ ಬಟ್ಟಲಿಗೆ ಹೊಸ ಬತ್ತಿ ಹಾಕಿ ಮೂರು ಹನಿ ಬಿಟ್ಟು ಮುಚ್ಚಳ ಮುಚ್ಚಿದ್ದೇನೆ. ಈ ಸಲ ಅದಕ್ಕೆ ಬಣ್ಣ ಹಚ್ಚಿಲ್ಲ.